ಹಿಮಮಾನವನ ಹೆಸರಿನಲ್ಲೇ ಅಡಗಿದ್ದ ಕರಡಿ

2019ರ ಏಪ್ರಿಲ್ ಕೊನೆಯಲ್ಲಿ ಭಾರತೀಯ ಸೇನೆಯು ಮಕಾಲು ಶಿಖರದ ಮೂಲ ಶಿಬಿರದ ಬಳಿ ತನ್ನ ಪರ್ವತಾರೋಹಿಗಳಿಗೆ ಕಂಡ ವಿಚಿತ್ರ ಹೆಜ್ಜೆಗುರುತುಗಳ ಚಿತ್ರಗಳನ್ನು ಟ್ವಿಟರ್‌ನಲ್ಲಿ ಹಂಚಿಕೊಂಡಿತು. ಅವು ಹಿಮಾಲಯದ ದಂತಕಥೆಗಳ ಪ್ರಾಣಿ ಯೇತಿಯದ್ದು, 32 ಇಂಚು ಉದ್ದ, 15 ಇಂಚು ಅಗಲ ಇದ್ದವು ಎಂದು ಅದು ತಿಳಿಸಿತ್ತು. ಕನ್ನಡದ ಸುದ್ದಿಗಳಲ್ಲಿ ಈ ಪ್ರಾಣಿಗೆ ಯೇತಿ ಎನ್ನುವುದರ ಜೊತೆಗೆ ‘ಹಿಮಮಾನವ’ ಎಂಬ ಪದವೂ ರೂಢಿಯಲ್ಲಿದೆ. ನಾವು ಯೋಚಿಸದೆ ಬಳಸುವ ಈ ಪದದಲ್ಲಿ ನೂರು ವರ್ಷಗಳ ಹಿಂದಿನ ಒಂದು ಅನುವಾದದ ಎಡವಟ್ಟು ಹಾಗೆಯೇ ಉಳಿದುಕೊಂಡಿದೆ.

1921ರಲ್ಲಿ ಚಾರ್ಲ್ಸ್ ಹೋವರ್ಡ್-ಬ್ಯುರಿ ನೇತೃತ್ವದಲ್ಲಿ ಎವರೆಸ್ಟಿನ ದಾರಿ ಹುಡುಕಲು ಹೊರಟ ಬ್ರಿಟಿಷ್ ತಂಡಕ್ಕೆ, 20,000 ಅಡಿಗೂ ಮೇಲಿನ ಲಕ್ಪಾ ಲಾ ಕಣಿವೆಮಾರ್ಗದ ಹಿಮದಲ್ಲಿ ಬರಿಗಾಲ ಮನುಷ್ಯನದ್ದೆಂಬಂತೆ ತೋರುವ ಗುರುತುಗಳು ಕಂಡವು. ದೊಡ್ಡ ಬೂದು ತೋಳವೊಂದು ಮೆದು ಹಿಮದಲ್ಲಿ ಓಡುವಾಗ ಕಾಲಿನ ಗುರುತಿನ ಮೇಲೆ ಇನ್ನೊಂದು ಗುರುತು ಬಿದ್ದು ಹೀಗಾಗಿದೆ ಎಂದು ಅವರು ಊಹಿಸಿದರು. ಜೊತೆಗಿದ್ದ ಕೂಲಿಗಳು ಹೇಳಿದ್ದು ಬೇರೆ: ಅದು ‘ಮೆಟೊ ಕಾಂಗ್ಮಿ’. ತಂಡ ಹಿಂತಿರುಗಿದ ಮೇಲೆ ಡಾರ್ಜಿಲಿಂಗಿನಲ್ಲಿ ಆ ಕೂಲಿಗಳನ್ನು ಮಾತನಾಡಿಸಿದ ಹೆನ್ರಿ ನ್ಯೂಮನ್ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಬರೆಯುವವರು. ‘ಕಾಂಗ್ಮಿ’ ಎಂದರೆ ಹಿಮದ ಮನುಷ್ಯ ಎಂದು ತಿಳಿದ ಅವರು, ‘ಮೆಟೊ’ ಎಂದರೆ ಹೊಲಸು ಎಂದು ಭಾವಿಸಿ, ಎರಡನ್ನೂ ಸೇರಿಸಿ ‘ಅಬಾಮಿನಬಲ್ ಸ್ನೋಮ್ಯಾನ್’ ಎಂಬ ಹೆಸರು ಕಟ್ಟಿದರು. ಹೆಸರು ಜಗತ್ತಿನ ಪತ್ರಿಕೆಗಳಿಗೆಲ್ಲ ಹಬ್ಬಿತು. ತೋಳದ ಮಾತು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಶೆರ್ಪಾಗಳ ಬಾಯಲ್ಲಿ ಆ ಪ್ರಾಣಿಗೆ ಇದ್ದ ಹೆಸರುಗಳು ‘ಮಿ-ತೆ’, ‘ಜು-ತೆ’, ‘ಯೆ-ತೆ’. ಇವುಗಳ ಕೊನೆಯ ‘ತೆ’ ಟಿಬೆಟನ್ನಿನ ‘ದ್ರೆದ್’ ಎಂಬ ಪದದಿಂದ ಬಂದದ್ದು, ಅದರರ್ಥ ಕಂದು ಕರಡಿ ಎಂಬ ವಿವರಣೆ ಬಹಳ ಹಿಂದಿನಿಂದಲೂ ಇದೆ. ಹಾಗೆ ಓದಿದರೆ ಮಿ-ತೆ (ಕೂಲಿಗಳ ‘ಮೆಟೊ’ ಇದೇ ಇರಬೇಕು) ಮನುಷ್ಯ-ಕರಡಿ, ಜು-ತೆ ದನಗಳ ಮೇಲೆ ಬೀಳುವ ಕರಡಿ, ಯೆ-ತೆ ಬಂಡೆಗಳ ನಡುವಿನ ಕರಡಿ. ಗುಡ್ಡಗಾಡಿನ ಜನ ಮೂಢನಂಬಿಕೆಯಿಂದ ರಾಕ್ಷಸನೊಬ್ಬನನ್ನು ಕಲ್ಪಿಸಿಕೊಂಡರು ಎಂದು ಹೇಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅವರ ಯೇತಿಯಲ್ಲಿ ಭಯವೂ ಭಕ್ತಿಯೂ ಇದ್ದವು, ಆದರೆ ಕರಡಿಯೂ ಇತ್ತು. ಅದನ್ನು ಕಳೆದದ್ದು ಕೇಳಿಸಿಕೊಂಡವರು.

1951ರಲ್ಲಿ ಎರಿಕ್ ಶಿಪ್ಟನ್ ಮೆನ್ಲುಂಗ್ ಹಿಮನದಿಯ ಬಳಿ ಒಂದು ಹೆಜ್ಜೆಗುರುತಿನ ಪಕ್ಕದಲ್ಲಿ ಐಸ್ ಆಕ್ಸ್ ಇಟ್ಟು ತೆಗೆದ ಚಿತ್ರ ಈ ಕುತೂಹಲವನ್ನು ಉತ್ತುಂಗಕ್ಕೇರಿಸಿತು. ಹೆಜ್ಜೆಗುರುತು ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಕರಡಿ ನಾಯಿ ಬೆಕ್ಕುಗಳಂತೆ ಬೆರಳುಗಳ ಮೇಲೆ ನಡೆಯುವುದಿಲ್ಲ. ನಮ್ಮಂತೆ ಹಿಮ್ಮಡಿ ಊರಿ, ಇಡೀ ಅಂಗಾಲನ್ನು ನೆಲಕ್ಕೆ ತಾಗಿಸಿ ನಡೆಯುತ್ತದೆ. ದರೋಜಿಯಂಥ ಕಡೆ ಮರಳಿನ ಮೇಲೆ ನಮ್ಮ ಕರಡಿಯ ಹಿಂಗಾಲಿನ ಗುರುತನ್ನು ಕಂಡವರಿಗೆ, ಯಾರೋ ಹುಡುಗ ಬರಿಗಾಲಲ್ಲಿ ಹೋದನೇ ಎಂದು ಒಂದು ಕ್ಷಣ ಅನ್ನಿಸುವುದುಂಟು, ಅದು ಹಿಮಾಲಯದ ಕಂದು ಕರಡಿಗಿಂತ ಬೇರೆಯದೇ ಜಾತಿಯಾದರೂ. ವ್ಯತ್ಯಾಸ ತಿಳಿಯಬೇಕಾದರೆ ಬೆರಳುಗಳನ್ನು ನೋಡಬೇಕು: ನಮ್ಮ ಪಾದದಲ್ಲಿ ದೊಡ್ಡ ಬೆರಳು ಒಳಗಡೆ ಇದ್ದರೆ ಕರಡಿಯದರಲ್ಲಿ ಹೊರಗಡೆ ಇರುತ್ತದೆ. ಹಿಮದಲ್ಲಿ ನಡೆಯುವ ಕರಡಿ ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲನ್ನು ಊರಿದಾಗ ಎರಡೂ ಗುರುತುಗಳು ಕೂಡಿಕೊಂಡು ಒಂದೇ ನೀಳ ಪಾದದಂತಾಗುತ್ತವೆ ಮತ್ತು ನಾಲ್ಕು ಕಾಲಿನ ಜಾಡು ಎರಡು ಕಾಲಿನದ್ದಾಗಿ ತೋರುತ್ತದೆ. ಆಮೇಲೆ ಬಿಸಿಲು ಏರಿದಂತೆ ಗುರುತಿನ ಅಂಚು ಕರಗಿ ಅಗಲವಾಗುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಎರಡು ದಿನ ಕಳೆದು ಬಂದವನಿಗೆ ಕಾಣುವುದು ದೈತ್ಯನ ಹೆಜ್ಜೆ.

ಹೆಜ್ಜೆಗಳ ಬೆನ್ನಿಗೇ ತಂಡಗಳು ಹೊರಟವು. 1959ರ ಹೊತ್ತಿಗೆ ನೇಪಾಳ ಸರ್ಕಾರ ಯೇತಿ ಹುಡುಕಲು 5,000 ರೂಪಾಯಿ ಶುಲ್ಕ ಗೊತ್ತುಮಾಡಿ, ಆತ್ಮರಕ್ಷಣೆಗಲ್ಲದೆ ಅದನ್ನು ಕೊಲ್ಲಬಾರದೆಂದು ನಿಯಮ ಮಾಡಿತ್ತು. 1960ರಲ್ಲಿ ಎಡ್ಮಂಡ್ ಹಿಲರಿ ಖುಮ್‌ಜುಂಗ್ ಊರಿನ ಗೊಂಪಾದಲ್ಲಿದ್ದ, ಅಂದರೆ ಬೌದ್ಧ ಮಠದಲ್ಲಿದ್ದ, ‘ಯೇತಿಯ ನೆತ್ತಿಯ ಚರ್ಮ’ವನ್ನು, ಊರ ಮುಖಂಡ ಖುಂಜೊ ಚುಂಬಿಯವರ ಜೊತೆಯಲ್ಲೇ ಶಿಕಾಗೊ, ಪ್ಯಾರಿಸ್, ಲಂಡನ್‌ಗಳಿಗೆ ಒಯ್ದರು. ಗೋಪುರದಂತೆ ಚೂಪಾದ, ಒರಟು ಕೂದಲಿನ ಆ ವಸ್ತು ಸೆರೋ ಎಂಬ ಮೇಕೆಯಂಥ ಕಾಡುಪ್ರಾಣಿಯ ಚರ್ಮವನ್ನು ಅಚ್ಚಿಗೆ ಎಳೆದು ಮಾಡಿದ್ದೆಂದು ಪರೀಕ್ಷಿಸಿದವರು ನಿರ್ಣಯಿಸಿದರು. ಪಾಂಗ್‌ಬೋಚೆ ಮಠದ ‘ಯೇತಿ ಕೈ’ಯಿಂದ ಬಂದಿದ್ದ ಬೆರಳು 2011ರ ಡಿಎನ್‌ಎ ಪರೀಕ್ಷೆಯಲ್ಲಿ ಮನುಷ್ಯನದ್ದಾಯಿತು.

ಡಿಎನ್‌ಎಯೂ ಮೊದಲಿಗೇ ಸರಿದಾರಿ ಹಿಡಿಯಲಿಲ್ಲ. 2014ರಲ್ಲಿ ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ ಲಡಾಖ್ ಮತ್ತು ಭೂತಾನಿನ ಎರಡು ಕೂದಲುಗಳು ಪ್ರಾಚೀನ ಹಿಮಕರಡಿಯ ಡಿಎನ್‌ಎಗೆ ಹೊಂದುತ್ತವೆ ಎಂದು ಪ್ರಕಟಿಸಿದರು; ಅಪರಿಚಿತ ಕರಡಿಯೊಂದು ಅಲ್ಲಿರಬಹುದೆಂಬ ನಿರೀಕ್ಷೆ ಮೂಡಿತು. ಆದರೆ ಅವರು ಓದಿದ್ದು ವಂಶವಾಹಿಯ ತೀರಾ ಚಿಕ್ಕ ತುಣುಕನ್ನು. ಮರುವರ್ಷವೇ ಬೇರೆ ವಿಜ್ಞಾನಿಗಳು ಅದನ್ನು ಮತ್ತೆ ಪರಿಶೀಲಿಸಿ, ಹಿಮಾಲಯದ ಕಂದು ಕರಡಿಯಲ್ಲದೆ ಬೇರೇನನ್ನೂ ಕಲ್ಪಿಸಬೇಕಾದ ಕಾರಣವಿಲ್ಲವೆಂದು ತೋರಿಸಿದರು. 2017ರಲ್ಲಿ ಬಫಲೊ ವಿಶ್ವವಿದ್ಯಾಲಯದ ಷಾರ್ಲಟ್ ಲಿಂಡ್‌ಕ್ವಿಸ್ಟ್ ಅವರ ತಂಡ ಯೇತಿಯದ್ದೆಂದು ಕಾಪಿಟ್ಟಿದ್ದ ಮೂಳೆ, ಹಲ್ಲು, ಚರ್ಮ, ಕೂದಲು, ಮಲದ ಒಂಬತ್ತು ಮಾದರಿಗಳನ್ನು ಇನ್ನೂ ವಿಸ್ತಾರವಾಗಿ ಓದಿತು. ಎಂಟು ಕರಡಿಗಳದ್ದು, ಒಂದು ನಾಯಿಯದ್ದು.

ಅದೇ ಅಧ್ಯಯನದಿಂದ ಹೊರಬಂದ ಇನ್ನೊಂದು ಸಂಗತಿ ನನಗೆ ಯೇತಿಗಿಂತ ದೊಡ್ಡದಾಗಿ ಕಾಣುತ್ತದೆ. ಹಿಮಾಲಯದ ಕಂದು ಕರಡಿಯ ವಂಶ ಉಳಿದ ಕಂದು ಕರಡಿಗಳಿಂದ ಸುಮಾರು 6.5 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದು, ಹಿಮನದಿಗಳ ನಡುವೆ ಒಂಟಿಯಾಗಿ ಬಾಳಿದೆ. ಹೊಸ ಪ್ರಾಣಿಗಾಗಿ ಜಗತ್ತು ಬೆಟ್ಟ ಹತ್ತಿದ ಆ ದಶಕಗಳಲ್ಲಿ ಈ ಹಳೆಯ ಪ್ರಾಣಿ ಮೇವು, ನೆಲೆ ಕಳೆದುಕೊಳ್ಳುತ್ತ, ಕುರಿಗಾಹಿಗಳ ಸಿಟ್ಟಿಗೂ ಬೇಟೆಗೂ ಸಿಕ್ಕಿ ಅಳಿವಿನ ಅಂಚಿಗೆ ಬಂದಿತು. ಕಾಶ್ಮೀರ, ಲಡಾಖ್, ಹಿಮಾಚಲದ ಎತ್ತರದ ಹುಲ್ಲುಗಾವಲುಗಳಲ್ಲಿ ಅಲ್ಲಲ್ಲಿ ಚದುರಿ ಉಳಿದಿರುವ ಆ ಕರಡಿಗಳ ಹೆಜ್ಜೆಗಳು ಈಗಲೂ ವಸಂತದ ಬಿಸಿಲಿಗೆ ಕರಗಿ ದೊಡ್ಡದಾಗುತ್ತವೆ.