ಥರ್ಮಿಸ್ಟರನ್ನ ಮೋಟಾರ್ ಜೊತೆ ಸೀರೀಸಲ್ಲಿ ಹಾಕಿದ್ರೆ ಸಾಕಲ್ವಾ?

ಪ್ರಶ್ನೆ: ಎರಡು ಜಾಗದ ಟೆಂಪರೇಚರ್ ವ್ಯತ್ಯಾಸ ಜಾಸ್ತಿ ಆದಂಗೆ 12 ವೋಲ್ಟ್ ಡಿಸಿ ಮೋಟಾರ್ ಸ್ಪೀಡೂ ಜಾಸ್ತಿ ಆಗ್ಬೇಕು, ಮೈಕ್ರೋಕಂಟ್ರೋಲರ್ ಬೇಡ. ಒಂದು ಥರ್ಮಿಸ್ಟರ್ (ಟೆಂಪರೇಚರ್ ಜೊತೆ ರೆಸಿಸ್ಟೆನ್ಸ್ ಬದಲಾಗೋ ಪಾರ್ಟ್) ಸೀರೀಸಲ್ಲಿ ಹಾಕಿದ್ರೆ ಆಗಲ್ವಾ?

ಆಗಲ್ಲ. ಎಷ್ಟು ಸಲ ಹೇಳಿದ್ರೂ ಈ ಸೀರೀಸ್ ಐಡಿಯಾ ಸಾಯಲ್ಲ, ಅದಕ್ಕೆ ಈ ಸಲ ಲೆಕ್ಕಾನೇ ಹಾಕ್ಬಿಡೋಣ. ಎಲ್ಲರ ಹತ್ರ ಇರೋದು 10ಕೆ ಎನ್‌ಟಿಸಿ, ಅಂದ್ರೆ ಕಾದಷ್ಟೂ ರೆಸಿಸ್ಟೆನ್ಸ್ ಇಳಿಯೋ ಥರ್ಮಿಸ್ಟರ್, 25 ಡಿಗ್ರೀಲಿ 10,000 ಓಮ್. 12 ವೋಲ್ಟಲ್ಲಿ ಅದರಿಂದ ಹರಿಯೋದು ಹೆಚ್ಚಂದ್ರೆ 1.2 ಮಿಲಿಆಂಪ್. 50 ಡಿಗ್ರಿಗೆ ಕಾಯಿಸಿ, ಸುಮಾರು 3,600 ಓಮ್‌ಗೆ ಇಳಿಯುತ್ತೆ, ಕರೆಂಟ್ 3 ಚಿಲ್ರೆ ಮಿಲಿಆಂಪ್. ಮೋಟಾರ್‌ಗೆ ಬೇಕಿರೋದು ನೂರಾರು ಮಿಲಿಆಂಪ್ ಸ್ವಾಮಿ, ಮಿಸುಕಾಡೋದೂ ಇಲ್ಲ. "ಹಾಗಾದ್ರೆ 10 ಓಮ್‌ದು ಹಾಕ್ತೀನಿ" ಅಂತಾರೆ. ಹಾಕಿ. ಈಗ ಮೋಟಾರ್ ಕರೆಂಟೆಲ್ಲ ಅದರ ಮೂಲಕವೇ ಹೋಗಿ, ಅದು ತಾನೇ ಕಾದು, ಕಾದಷ್ಟೂ ರೆಸಿಸ್ಟೆನ್ಸ್ ಇಳಿದು, ಇಳಿದಷ್ಟೂ ಕರೆಂಟ್ ಏರಿ, ಸ್ವಲ್ಪ ಹೊತ್ತಿಗೆ ಹೊರಗೆ ಚಳಿ ಇದ್ರೂ ಮೋಟಾರ್ ಹೆಚ್ಚುಕಮ್ಮಿ ಫುಲ್ ಸ್ಪೀಡ್. ಅದು ಅಳೀತಿರೋದು ತನ್ನ ಜ್ವರಾನ. ಎಸ್‌ಎಂಪಿಎಸ್ ಪವರ್ ಸಪ್ಲೈಗಳಲ್ಲಿ ಇನ್‌ರಶ್ ಕರೆಂಟ್ (ಆನ್ ಮಾಡಿದ ಕ್ಷಣ ನುಗ್ಗೋ ಕರೆಂಟ್) ತಡೆಯೋಕೆ ಇದೇ ಗುಣ ಬಳಸ್ತಾರೆ, ಅಲ್ಲಿಗೆ ಅದು ಸರಿ. ಅಷ್ಟಕ್ಕೂ ಒಂದೇ ಸೆನ್ಸರ್‌ಗೆ ಎರಡು ಜಾಗದ ವ್ಯತ್ಯಾಸ ಹೇಗ್ರೀ ಗೊತ್ತಾಗುತ್ತೆ?

ಸರಿಯಾದ ದಾರಿ: ಎರಡು ಎಲ್‌ಎಂ35 ಟೆಂಪರೇಚರ್ ಸೆನ್ಸರ್ ತಗೊಳ್ಳಿ, ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತೆ. ಎಲ್‌ಎಂ358 ಆಪ್‌ಆಂಪ್‌ನ ಡಿಫರೆನ್ಸ್ ಆಂಪ್ಲಿಫೈಯರ್ (ಎರಡು ವೋಲ್ಟೇಜಿನ ವ್ಯತ್ಯಾಸವನ್ನ ದೊಡ್ಡದು ಮಾಡೋದು) ಮಾಡಿ, ಬಿಸಿ ಕಡೆದು ಪ್ಲಸ್‌ಗೆ, 10ಕೆ ಮತ್ತು 390ಕೆ ರೆಸಿಸ್ಟರ್, ಗೇನ್ 39, ಅಂದ್ರೆ ವ್ಯತ್ಯಾಸ 39 ಪಟ್ಟು. 10 ಡಿಗ್ರಿ ವ್ಯತ್ಯಾಸಕ್ಕೆ 3.9 ವೋಲ್ಟ್, 20ಕ್ಕೆ 7.8. 12 ವೋಲ್ಟಲ್ಲಿ ಓಡೋ 555 ಟೈಮರ್ ಐಸಿಯ ಕೆಪಾಸಿಟರ್ ವೋಲ್ಟೇಜ್ 4ರಿಂದ 8ರ ಮಧ್ಯೆ ಏರಿಳೀತಾ ಇರುತ್ತೆ, ಚೆನ್ನಾಗಿ ಕೂತ್ಕೊಳ್ತು ನೋಡಿ! ಇವೆರಡನ್ನೂ ಎಲ್‌ಎಂ393 ಕಂಪೇರೇಟರ್‌ಗೆ (ಎರಡು ವೋಲ್ಟೇಜಲ್ಲಿ ಯಾವುದು ಜಾಸ್ತಿ ಅಂತ ನೋಡೋ ಐಸಿ) ಕೊಟ್ರೆ ಪಿಡಬ್ಲ್ಯೂಎಂ, ಅಂದ್ರೆ ವ್ಯತ್ಯಾಸ ಜಾಸ್ತಿ ಆದಂಗೆ ಅಗಲ ಆಗೋ ಪಲ್ಸು, ರೆಡಿ, ಅದನ್ನ ಮೋಟಾರ್‌ನ ಆನ್-ಆಫ್ ಮಾಡೋ ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್‌ನ ಗೇಟ್‌ಗೆ ಕೊಡಿ. 393ರ ಔಟ್‌ಪುಟ್‌ಗೆ ಪುಲ್‌ಅಪ್ ರೆಸಿಸ್ಟರ್ ಮರೀಬೇಡಿ, ಓಪನ್ ಕಲೆಕ್ಟರ್ ಅದು, ಗ್ರೌಂಡ್‌ಗೆ ಎಳೆಯುತ್ತೆ, ತಾನಾಗಿ ಮೇಲೆತ್ತಲ್ಲ. ಮೋಟಾರ್‌ಗೆ ಅಡ್ಡಲಾಗಿ ಉಲ್ಟಾ ಡಯೋಡ್, ಶಾಟ್ಕಿ ಆದ್ರೆ ಒಳ್ಳೇದು.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ: 11 ಡಿಗ್ರಿ ವ್ಯತ್ಯಾಸದಲ್ಲಿ ಪಲ್ಸ್ ತುಂಬಾ ಕಿರಿದು, ಮೋಟಾರ್ ತಿರುಗದೆ ಬರೀ ಗುಂಯ್ ಅನ್ನುತ್ತೆ. ಸರ್ಕ್ಯೂಟ್ ತಪ್ಪಲ್ಲ, ನಿಂತ ಮೋಟಾರ್ ಹೊರಡೋಕೆ ಓಡ್ತಿರೋದಕ್ಕಿಂತ ಜಾಸ್ತಿ ಬಲ ಬೇಕು, ಅದಕ್ಕೇ ಅದೇ 11ರಲ್ಲಿ ಮೇಲಿಂದ ಇಳಿದು ಬಂದಾಗ ತಿರುಗ್ತಾನೇ ಇರಬಹುದು. 393ಲಿ ಇನ್ನೊಂದು ಕಂಪೇರೇಟರ್ ಖಾಲಿ ಇದೆಯಲ್ಲ, ಅದಕ್ಕೆ ಸ್ವಲ್ಪ ಹಿಸ್ಟರಿಸಿಸ್ (ಆನ್ ಆಗೋ ಮಟ್ಟಕ್ಕಿಂತ ಆಫ್ ಆಗೋ ಮಟ್ಟ ಸ್ವಲ್ಪ ಕೆಳಗೆ) ಕೊಟ್ಟು ವ್ಯತ್ಯಾಸ ಸುಮಾರು 13 ಡಿಗ್ರಿ ದಾಟೋವರೆಗೂ ಗೇಟನ್ನ ಗ್ರೌಂಡ್‌ಗೆ ಎಳೆಯೋ ಹಾಗೆ ಮಾಡಿ. ಓಪನ್ ಕಲೆಕ್ಟರ್ ಆಗಿರೋದ್ರಿಂದ ಎರಡೂ ಔಟ್‌ಪುಟ್ ನೇರವಾಗಿ ಸೇರಿಸಬಹುದು.