ಅಚ್ಚು ಸವೆಯುವ ಲೆಕ್ಕ

ಬ್ರಿಟನ್ನಿನ ಇಎಂಐ ಕಂಪನಿ 1960ರ ದಶಕದಲ್ಲಿ ಹೊರತಂದ ಎಲ್‌ಪಿ ರೆಕಾರ್ಡೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹಾಡು ಮುಗಿಯುವ ಜಾಗಕ್ಕೂ ನಡುವಿನ ಲೇಬಲ್ಲಿಗೂ ಮಧ್ಯೆ ನುಣುಪಾದ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಲೇಬಲ್ಲಿನ ಎಡಕ್ಕೆ ಒಂದು ಅಂಕಿ, ಬಲಕ್ಕೆ ಒಂದೋ ಎರಡೋ ಇಂಗ್ಲಿಷ್ ಅಕ್ಷರ ಕೊರೆದಿರುತ್ತದೆ. ಆ ಅಕ್ಷರಗಳು ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ ಎಂಬ ಹತ್ತರಲ್ಲೇ ಬರುತ್ತವೆ. ಗ್ರಾಮಫೋನ್ ಲಿಮಿಟೆಡ್ ಎಂಬ ಹೆಸರಿನಿಂದ ಹೆಕ್ಕಿಕೊಂಡ ಅವುಗಳಿಗೆ ಕಾರ್ಖಾನೆಯವರು ಕ್ರಮವಾಗಿ ಒಂದರಿಂದ ಒಂಬತ್ತರವರೆಗೆ, ಕೊನೆಯದಕ್ಕೆ ಸೊನ್ನೆ ಎಂದು ಬೆಲೆ ಕಟ್ಟಿದ್ದರು. ಜಿ ಒಂದೇ ಇದ್ದರೆ ಆ ತಟ್ಟೆ ಮೊದಲನೆಯ ಅಚ್ಚಿನಿಂದ ಬಂದದ್ದು. ಆರ್ ಮತ್ತು ಎಂ ಜೊತೆಯಾಗಿದ್ದರೆ ಇಪ್ಪತ್ತನಾಲ್ಕನೆಯ ಅಚ್ಚು.

ಕೆಲವು ಸಂಗ್ರಹಕಾರರು ಅದೇ ಹಾಡು, ಅದೇ ಹೊದಿಕೆ ಇರುವ ಎರಡು ರೆಕಾರ್ಡುಗಳಲ್ಲಿ ಜಿ ಇರುವುದಕ್ಕೆ ಹಲವು ಪಟ್ಟು ಹೆಚ್ಚು ಹಣ ಕೊಡುತ್ತಾರೆ. ಹೊರಗಿನವರಿಗೆ ಇದು ಹುಚ್ಚಿನಂತೆ ಕಾಣಬಹುದು. ಆದರೆ ಇದರ ಹಿಂದೆ ಲೋಹದ ಒಂದು ಸರಳ ಸತ್ಯವಿದೆ: ಅಚ್ಚು ಸವೆಯುತ್ತದೆ. ಇಂದು ಸಾವಿರಾರು ರೂಪಾಯಿಗೆ ಮಾರಾಟವಾಗುವ 'ಸೀಮಿತ ಮುದ್ರಣ'ದ ಬೆಲೆಯಲ್ಲಿ ಈ ಸತ್ಯದ ಪಾಲೆಷ್ಟು, ಬರೀ ಸಂಖ್ಯೆಯ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ. ಹೊಸದಾಗಿ ರೆಕಾರ್ಡುಗಳ ಮೋಹಕ್ಕೆ ಬಿದ್ದ ಯುವಕರು ತಿಂಗಳ ಸಂಬಳದ ದೊಡ್ಡ ಪಾಲನ್ನು ಇದಕ್ಕೆ ಸುರಿಯುತ್ತಿದ್ದಾರೆ. ತಾವು ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂದು ತಿಳಿಯುವ ಹಕ್ಕು ಅವರಿಗಿದೆ.

ರೆಕಾರ್ಡು ಹುಟ್ಟುವುದು ಲ್ಯಾಕರ್ ತಟ್ಟೆಯಲ್ಲಿ. ಕನ್ನಡಿಯಷ್ಟು ನುಣುಪಾದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ನೈಟ್ರೋಸೆಲ್ಯುಲೋಸಿನ ಮೆದು ಲೇಪ ಹಚ್ಚಿ ಇದನ್ನು ಮಾಡುತ್ತಾರೆ. ಕೊರೆಯುವ ಯಂತ್ರದ ಕಾಯಿಸಿದ ರತ್ನದ ಮೊನೆ ಅದರ ಮೇಲೆ ಹೊರಗಿನಿಂದ ಒಳಗೆ ಸುರುಳಿಯಾಗಿ ಒಂದೇ ಗೀರನ್ನು ಎಳೆಯುತ್ತದೆ. ಗೀರಿನ ಎರಡು ಗೋಡೆಗಳು ಲಂಬಕೋನದಲ್ಲಿ ಸೇರುತ್ತವೆ. ಒಂದು ಗೋಡೆಯ ಅಲುಗಾಟ ಎಡ ಸ್ಪೀಕರಿನದು, ಇನ್ನೊಂದರದ್ದು ಬಲ ಸ್ಪೀಕರಿನದು. ನಿಮಿಷಕ್ಕೆ ಮೂವತ್ತಮೂರೂ ಕಾಲೇ ಚಿಲ್ಲರೆ ಸುತ್ತಿನ ವೇಗದಲ್ಲಿ ಇಪ್ಪತ್ತು ನಿಮಿಷ ನುಡಿಯುವ ಒಂದು ಬದಿಯ ಗೀರನ್ನು ಬಿಚ್ಚಿ ಎಳೆದರೆ ಸುಮಾರು 430 ಮೀಟರ್ ಉದ್ದವಾಗುತ್ತದೆ.

ಈ ಮೆದು ತಟ್ಟೆಯಿಂದ ನೇರವಾಗಿ ಏನನ್ನೂ ಒತ್ತಲಾಗದು. ಮೊದಲು ಅದರ ಮೇಲೆ ಬೆಳ್ಳಿಯ ತೆಳು ಪದರ ಸಿಂಪಡಿಸುತ್ತಾರೆ. ಬೆಳ್ಳಿ ವಿದ್ಯುತ್ತನ್ನು ಹರಿಸುತ್ತದೆ. ನಂತರ ನಿಕ್ಕಲ್ ಲವಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಬೆಳ್ಳಿಯ ಮೇಲೆ ನಿಕ್ಕಲ್ ಬೆಳೆಯುತ್ತದೆ. ಬಿಡಿಸಿದಾಗ ಸಿಗುವ ಲೋಹದ ಹಾಳೆಯಲ್ಲಿ ಗೀರುಗಳ ಬದಲು ಏಣುಗಳಿರುತ್ತವೆ. ಇದಕ್ಕೆ ಫಾದರ್ ಎನ್ನುತ್ತಾರೆ. ಬಿಡಿಸುವಾಗ ಲ್ಯಾಕರ್ ಸಾಮಾನ್ಯವಾಗಿ ಹಾಳಾಗುತ್ತದೆ. ಫಾದರ್ ಮೇಲೆ ಮತ್ತೆ ನಿಕ್ಕಲ್ ಬೆಳೆಸಿದರೆ ಗೀರುಗಳಿರುವ ಮದರ್, ಮದರ್ ಮೇಲೆ ಬೆಳೆಸಿದರೆ ಮತ್ತೆ ಏಣುಗಳಿರುವ ಸ್ಟ್ಯಾಂಪರ್. ಕೊನೆಯ ಈ ಸ್ಟ್ಯಾಂಪರೇ ಅಚ್ಚು. ಇಎಂಐ ತಟ್ಟೆಯ ಎಡಗಡೆಯ ಅಂಕಿ ಯಾವ ಮದರ್ ಎಂಬುದನ್ನು ಹೇಳಿದರೆ, ಬಲಗಡೆಯ ಅಕ್ಷರ ಯಾವ ಸ್ಟ್ಯಾಂಪರ್ ಎಂದು ಹೇಳುತ್ತದೆ.

ಎರಡು ಬದಿಗೆ ಎರಡು ಅಚ್ಚು. ನಡುವೆ ಬಿಸಿ ಮಾಡಿದ ವಿನೈಲಿನ ಮುದ್ದೆ. ಆವಿಯಿಂದ ಕಾಯಿಸಿ ಸುಮಾರು ನೂರು ಟನ್ನಿನ ಒತ್ತಡ ಹಾಕಿ, ಕೂಡಲೇ ತಣ್ಣೀರು ಹರಿಸಿ ಆರಿಸುತ್ತಾರೆ. ಅರ್ಧ ನಿಮಿಷದಲ್ಲಿ ಒಂದು ರೆಕಾರ್ಡು ಸಿದ್ಧ. ಪ್ರತಿ ಸಲವೂ ಅಚ್ಚು ಕಾದು ಆರುತ್ತದೆ, ಹಿಗ್ಗಿ ಕುಗ್ಗುತ್ತದೆ, ಪ್ಲಾಸ್ಟಿಕ್ ಅದರ ಮೇಲೆ ಹರಿಯುತ್ತದೆ. ಸಾವಿರದ ಆಸುಪಾಸು ತಟ್ಟೆಗಳಾದ ಮೇಲೆ ಏಣುಗಳ ಸೂಕ್ಷ್ಮ ಅಂಚು ಮೊಂಡಾಗತೊಡಗುತ್ತದೆ. ಮೊದಲು ಕಳೆದುಹೋಗುವುದು ತೀರ ಎತ್ತರದ ಸ್ವರಗಳು, ಏಕೆಂದರೆ ಅವುಗಳ ಅಲೆಗಳೇ ಅಷ್ಟು ಚಿಕ್ಕವು. ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ; ಲೇಬಲ್ಲಿನ ಹತ್ತಿರ 21 ಸೆಂಟಿಮೀಟರ್ ಮಾತ್ರ. ಹಾಗಾಗಿ 10,000 ಹರ್ಟ್ಸಿನ ಸ್ವರದ ಒಂದು ಅಲೆಗೆ ಹೊರಗೆ ಮಿಲಿಮೀಟರಿನ 0.05 ಭಾಗ ಸಿಕ್ಕರೆ ಒಳಗೆ ಸಿಗುವುದು 0.02 ಭಾಗ. ಬದಿಯ ಕೊನೆಯ ಹಾಡು ಮಂಕಾಗಿ ಕೇಳುವುದಕ್ಕೆ ಕಾರಣ ಇದೇ.

ಈಗ ಹಣದ ವಿಷಯ. ಕೊರೆಯುವ ಕೆಲಸ, ನಿಕ್ಕಲ್ ತೊಟ್ಟಿ, ಪರೀಕ್ಷಾ ಮುದ್ರಣ, ಹೊದಿಕೆಯ ವಿನ್ಯಾಸ ಇವೆಲ್ಲ ಒಂದು ತಟ್ಟೆ ಒತ್ತಿದರೂ ಹತ್ತು ಸಾವಿರ ಒತ್ತಿದರೂ ಮಾಡಲೇಬೇಕಾದ ಖರ್ಚು. ಅದು 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. 3,000 ತಟ್ಟೆಗೆ ಹಂಚಿದರೆ ತಲಾ 100 ರೂಪಾಯಿ, 300ಕ್ಕೆ ಹಂಚಿದರೆ ತಲಾ 1,000. ಒಬ್ಬ ಸಣ್ಣ ಕಲಾವಿದ ತನ್ನ ಸ್ವಂತ ಹಣದಲ್ಲಿ 300 ಪ್ರತಿ ತಂದಾಗ ಬೆಲೆ ಹೆಚ್ಚಿರುವುದು ದುರಾಸೆಯಿಂದಲ್ಲ, ಭಾಗಾಕಾರದಿಂದ. ಅಂಥ ರೆಕಾರ್ಡಿಗೆ ಚೌಕಾಸಿ ಮಾಡದೆ ಹಣ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಕಂಪನಿಗಳ ಸೀಮಿತ ಮುದ್ರಣದ ಕಥೆ ಬೇರೆ. ಅಲ್ಲಿ ಒಂದೇ ಮದರ್‌ನಿಂದ ಮಾಡಿದ ಅಚ್ಚುಗಳಲ್ಲಿ ಕಪ್ಪು, ಕೆಂಪು, ಹೊಗೆ ಬಣ್ಣ ಎಂದು ಆರೇಳು ಬಗೆ ಒತ್ತಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಮಾರುತ್ತಾರೆ. ಬಣ್ಣದಿಂದ ಧ್ವನಿ ಉತ್ತಮವಾಗುವುದಿಲ್ಲ. ಚಿತ್ರವನ್ನು ಒಳಗಿಟ್ಟು ಮೇಲೆ ಪಾರದರ್ಶಕ ಪದರ ಒತ್ತಿದ ಪಿಕ್ಚರ್ ಡಿಸ್ಕ್ ಸಾಮಾನ್ಯವಾಗಿ ಹೆಚ್ಚು ಗುರುಗುಟ್ಟುತ್ತದೆ. 180 ಗ್ರಾಮಿನ ದಪ್ಪ ತಟ್ಟೆ ಕೈಗೆ ಹಿತವಾದರೂ ಗೀರಿನ ಆಳ 140 ಗ್ರಾಮಿನದರಲ್ಲಿ ಇರುವಷ್ಟೇ. ಇದಕ್ಕೆ ಹೋಲಿಸಿದರೆ ಒಂದು ಎಲ್‌ಪಿಯ ಹಾಡುಗಳನ್ನು ಎರಡು ತಟ್ಟೆಗಳಿಗೆ ಹರಡಿ 45 ಸುತ್ತಿನ ವೇಗದಲ್ಲಿ ಕೊರೆದಾಗ ಪ್ರತಿ ಅಲೆಗೂ ಶೇಕಡ 35ರಷ್ಟು ಹೆಚ್ಚು ಜಾಗ ಸಿಗುತ್ತದೆ. ಲ್ಯಾಕರ್, ಅಚ್ಚು, ವಿನೈಲ್ ಎಲ್ಲವೂ ಇಮ್ಮಡಿ ಬೇಕು. ಆ ಹೆಚ್ಚುವರಿ ಬೆಲೆಗೆ ಕಿವಿಗೆ ಕೇಳುವ ಪ್ರತಿಫಲವಿದೆ.

ಅಚ್ಚಿನ ಲೆಕ್ಕ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2022ರ ಅಮೆರಿಕದ ಪ್ರಕರಣಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್ ಎಂಬ ಕಂಪನಿ 'ಒನ್ ಸ್ಟೆಪ್' ಹೆಸರಿನ ದುಬಾರಿ ಸೀಮಿತ ಮುದ್ರಣಗಳನ್ನು ಮಾರುತ್ತಿತ್ತು. ಮದರ್ ಮತ್ತು ಸ್ಟ್ಯಾಂಪರ್ ಹಂತಗಳನ್ನು ಬಿಟ್ಟು, ಲ್ಯಾಕರಿನಿಂದ ಬಿಡಿಸಿದ ಮೊದಲ ಲೋಹದ ಹಾಳೆಯನ್ನೇ ಅಚ್ಚಾಗಿ ಬಳಸುವ ವಿಧಾನ ಅದು. ನಕಲಿನ ನಕಲು ಮಾಡುವ ಹಂತಗಳು ಕಡಿಮೆಯಾದಷ್ಟೂ ನಷ್ಟ ಕಡಿಮೆ. ಇದು ಸರಿಯಾದ ತರ್ಕವೇ. ಆದರೆ ಅಚ್ಚು ಸವೆದರೆ ಇನ್ನೊಂದು ತೆಗೆಯಲು ಮದರ್ ಇಲ್ಲ. ಹೊಸ ಲ್ಯಾಕರನ್ನೇ ಕೊರೆಯಬೇಕು. ಹಾಗಾಗಿ ಈ ವಿಧಾನದಲ್ಲಿ ಪ್ರತಿಗಳು ಕಡಿಮೆ ಇರುವುದಕ್ಕೆ ನಿಜವಾದ ಕಾರಣವಿತ್ತು.

ಆ ಕಂಪನಿ ಮೈಕೆಲ್ ಜಾಕ್ಸನ್‌ರ 'ಥ್ರಿಲ್ಲರ್' ಅನ್ನು ಇದೇ ವಿಧಾನದಲ್ಲಿ 40,000 ಪ್ರತಿ ತರುವುದಾಗಿ ಘೋಷಿಸಿತು. ಕೇಳುಗರು ಲೆಕ್ಕ ಹಾಕತೊಡಗಿದರು. ಒಂದು ಅಚ್ಚಿಗೆ ಉದಾರವಾಗಿ ಸಾವಿರ ತಟ್ಟೆ ಹಿಡಿದರೂ ಪ್ರತಿ ಬದಿಗೆ 40 ಲ್ಯಾಕರ್ ಬೇಕು. ಲ್ಯಾಕರನ್ನು ಮೂಲ ಟೇಪಿನಿಂದ ನೇರವಾಗಿ ಕೊರೆಯುತ್ತಾರೆ ಎಂದೇ ಅವರು ನಂಬಿದ್ದರು. ಅಂದರೆ 1982ರ ಮೂಲ ಟೇಪನ್ನು ನಲವತ್ತು ಸಲ ಓಡಿಸಬೇಕು. ಟೇಪು ಓಡಿದಾಗಲೆಲ್ಲ ಅದರ ಕಾಂತೀಯ ಲೇಪ ಸ್ವಲ್ಪ ಸವೆಯುತ್ತದೆ. ಅಷ್ಟು ಬೆಲೆಬಾಳುವ ಟೇಪನ್ನು ಅದರ ಒಡೆಯರು ಹೀಗೆ ಸವೆಸಲು ಬಿಡುವರೇ? ಅರಿಜೋನಾ ರಾಜ್ಯದ ಒಬ್ಬ ರೆಕಾರ್ಡ್ ಅಂಗಡಿಯವರು ಈ ಸಂಶಯವನ್ನು ಬಹಿರಂಗವಾಗಿ ಎತ್ತಿದರು. ಕಂಪನಿಯ ಎಂಜಿನಿಯರುಗಳು ಅವರೊಂದಿಗೆ ಮಾತನಾಡುತ್ತಾ, ಮೂಲ ಟೇಪನ್ನು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ತಂದು ಅದರಿಂದ ಲ್ಯಾಕರ್ ಕೊರೆಯುವುದುಂಟು ಎಂದು ಒಪ್ಪಿಕೊಂಡರು. ವರ್ಷಗಳಿಂದ ಅನೇಕ ಮುದ್ರಣಗಳು ಹಾಗೆಯೇ ಆಗಿದ್ದವು. ಮೊಕದ್ದಮೆ ನಡೆದು, ಸುಮಾರು 2.5 ಕೋಟಿ ಡಾಲರಿನ ರಾಜಿಯಾಯಿತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಆ ಮುದ್ರಣಗಳನ್ನು ನುರಿತ ಕೇಳುಗರು ವರ್ಷಗಟ್ಟಲೆ ಹೊಗಳಿದ್ದರು. ಡಿಎಸ್‌ಡಿಯ ಮೂಲ ರೂಪವೇ ಧ್ವನಿಯನ್ನು ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಬಾರಿ ಅಳೆಯುತ್ತದೆ. ಅಲ್ಲಿ ಡಿಜಿಟಲ್ ಹಂತವಿದೆ ಎಂದು ಕಿವಿಗಳು ಪತ್ತೆ ಹಚ್ಚಲಿಲ್ಲ, ಗುಣಾಕಾರ ಪತ್ತೆ ಹಚ್ಚಿತು. ರೆಕಾರ್ಡುಗಳು ಕೆಟ್ಟದಾಗಿರಲಿಲ್ಲ. ಕೊಂಡವರಿಗೆ ನೋವಾದದ್ದು ವಿಷಯ ಮುಚ್ಚಿಟ್ಟದ್ದಕ್ಕೆ, ಮತ್ತು ಆ ನೋವು ನ್ಯಾಯವಾದದ್ದು.

ಲ್ಯಾಕರ್ ತಟ್ಟೆಗಳೂ ಬೇಕಾದಷ್ಟು ಸಿಗುವ ವಸ್ತುವಲ್ಲ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಊರಿನ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ, ಜಗತ್ತಿನ ಪ್ರಮುಖ ಲ್ಯಾಕರ್ ತಯಾರಕರಲ್ಲಿ ಉಳಿದದ್ದು ಜಪಾನಿನ ಎಂಡಿಸಿ ಒಂದೇ. ಲ್ಯಾಕರಿನ ಬದಲು ತಾಮ್ರದ ಹೊದಿಕೆಯ ಮೇಲೆ ನೇರವಾಗಿ ಕೊರೆಯುವ ವಿಧಾನವೂ ಉಂಟು, ಆದರೆ ಅದಕ್ಕೆ ತಕ್ಕ ಯಂತ್ರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ನಮ್ಮ ಹಳೆಯ ಕನ್ನಡ ಚಿತ್ರಗೀತೆಗಳ ಇಪಿಗಳ ಮೇಲೆ ಯಾರೂ ಸೀಮಿತ ಎಂದು ಅಚ್ಚು ಹಾಕಿರಲಿಲ್ಲ. ಏಳಂಗುಲದ ತಟ್ಟೆ, ಬದಿಗೆ ಎರಡರಂತೆ ನಾಲ್ಕು ಹಾಡು, ಎಚ್‌ಎಂವಿಯ ನಾಯಿಯ ಗುರುತು. ಮದುವೆ ಮನೆ, ಟೆಂಟ್ ಸಿನಿಮಾ, ಹೋಟೆಲುಗಳಲ್ಲಿ ಅವು ದಿನವಿಡೀ ತಿರುಗಿದವು. ಆ ಕಾಲದ ಅಗ್ಗದ ಪ್ಲೇಯರುಗಳ ಮುಳ್ಳು ಗೀರಿನ ಮೇಲೆ ಇಂದಿನ ಒಳ್ಳೆಯ ಪ್ಲೇಯರಿಗಿಂತ ಎರಡು ಮೂರು ಪಟ್ಟು ಭಾರ ಹೇರುತ್ತಿತ್ತು. ಈಗ ಚೆನ್ನಾಗಿ ಉಳಿದ ಪ್ರತಿ ಸಿಗುವುದು ನಿಜಕ್ಕೂ ಕಷ್ಟ, ಬೆಲೆಯೂ ಏರಿದೆ. ಕೊಳ್ಳುವ ಮೊದಲು ತಟ್ಟೆಯನ್ನು ಬಿಸಿಲಿಗೆ ಹಿಡಿಯಿರಿ: ಜೋರು ಹಾಡಿನ ಜಾಗದಲ್ಲಿ ಕಪ್ಪು ಹೋಗಿ ಬೂದು ಬಣ್ಣ ಕಂಡರೆ ಗೋಡೆ ಸವೆದಿದೆ. ಸಾಧ್ಯವಾದರೆ ಅಂಗಡಿಯಲ್ಲೇ ನುಡಿಸಿ, ಗಾಯಕಿಯ 'ಸ', 'ಶ' ಹರಿದಂತೆ ಕೇಳುತ್ತವೆಯೇ ಗಮನಿಸಿ. ಕೇಳಿದರೂ ಕೂಡಲೇ ಕೈಬಿಡಬೇಕಿಲ್ಲ. ಹಳೆಯ ದುಂಡು ಮುಳ್ಳು ಗೋಡೆಯ ಒಂದು ಎತ್ತರದಲ್ಲಷ್ಟೇ ಉಜ್ಜಿರುತ್ತದೆ. ಅಂಚು ಕಿರಿದಾದ ಇಂದಿನ ಮುಳ್ಳು ಗೋಡೆಯ ಬೇರೆ ಭಾಗವನ್ನು ಮುಟ್ಟುವುದರಿಂದ ಕೆಲವೊಮ್ಮೆ ಅದೇ ತಟ್ಟೆ ಹೆಚ್ಚು ಸ್ಪಷ್ಟವಾಗಿ ನುಡಿಯುತ್ತದೆ.