ಹೃದಯದ ಮಾತ್ರೆಗೆ ಥೈರಾಯ್ಡ್ ಪರೀಕ್ಷೆ ಏಕೆ?

ಪ್ರಶ್ನೆ: ಹೃದಯದ ಬಡಿತ ಏರುಪೇರಾಗುತ್ತಿದ್ದುದರಿಂದ ನಮ್ಮ ತಂದೆಯವರಿಗೆ ವೈದ್ಯರು ಅಮಿಯೋಡರೋನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಲಿವರ್ ಪರೀಕ್ಷೆ ಮಾಡಿಸಬೇಕೆಂದೂ ಹೇಳಿದ್ದಾರೆ. ತೊಂದರೆ ಇರುವುದು ಹೃದಯದಲ್ಲಿ. ಬೇರೆ ಅಂಗಗಳನ್ನು ಪರೀಕ್ಷಿಸುವುದೇಕೆ? ಇದು ಅಷ್ಟು ಅಪಾಯಕಾರಿ ಔಷಧವೇ?

ಉತ್ತರ: ಥೈರಾಯ್ಡ್ ಪರೀಕ್ಷೆಯ ಕಾರಣ ಆ ಮಾತ್ರೆಯ ರಾಸಾಯನಿಕ ರಚನೆಯಲ್ಲಿಯೇ ಇದೆ. ಅಮಿಯೋಡರೋನ್ ತೂಕದ ಶೇ. 37ರಷ್ಟು ಭಾಗ ಅಯೋಡಿನ್. ಎಂದರೆ 200 ಮಿಲಿಗ್ರಾಂ ಮಾತ್ರೆಯೊಂದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಅದೆಲ್ಲವೂ ಒಮ್ಮೆಗೇ ಬಿಡುಗಡೆಯಾಗುವುದಿಲ್ಲ; ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುವವರ ದೇಹಕ್ಕೆ 6ರಿಂದ 7 ಮಿಲಿಗ್ರಾಂ ಸೇರುತ್ತದೆ. ವಯಸ್ಕರೊಬ್ಬರಿಗೆ ದಿನವೊಂದಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಅಂದರೆ 0.15 ಮಿಲಿಗ್ರಾಂ ಮಾತ್ರ. ಅಗತ್ಯಕ್ಕಿಂತ 40 ಪಟ್ಟು ಹೆಚ್ಚು ಅಯೋಡಿನ್ ದಿನವೂ ಬಂದು ಬೀಳುತ್ತಿರುವಾಗ, ಅದನ್ನೇ ಕಚ್ಚಾವಸ್ತುವಾಗಿ ಬಳಸುವ ಥೈರಾಯ್ಡ್ ಗ್ರಂಥಿ ಏನೂ ಆಗದಂತೆ ಇರುವುದು ಕಷ್ಟ.

ಉಳಿದ ಅಂಗಗಳ ಮಾತು ಬರುವುದು ಇದರ ಇನ್ನೊಂದು ಗುಣದಿಂದ. ಅಮಿಯೋಡರೋನ್ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ರಕ್ತದಲ್ಲಿ ಸುತ್ತುತ್ತಿರುವುದಕ್ಕಿಂತ ಕೊಬ್ಬು, ಲಿವರ್, ಶ್ವಾಸಕೋಶ, ಚರ್ಮ, ಕಣ್ಣಿನ ಕಾರ್ನಿಯಾ ಮುಂತಾದೆಡೆ ಸೇರಿಕೊಳ್ಳುವುದೇ ಹೆಚ್ಚು. ಮೊದಲ ಕೆಲವು ವಾರ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ನಂತರ ದಿನಕ್ಕೆ 200 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಗೆ ಇಳಿಸುವುದು ಇದಕ್ಕಾಗಿಯೇ: ಅಂಗಾಂಶಗಳೆಂಬ ಕಣಜ ಮೊದಲು ತುಂಬಬೇಕು. ತುಂಬಿದ ಕಣಜ ಬರಿದಾಗುವುದೂ ಅಷ್ಟೇ ನಿಧಾನ. ಮಾತ್ರೆ ನಿಲ್ಲಿಸಿದ ಮೇಲೆ ದೇಹದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಸರಾಸರಿ 58 ದಿನ ಬೇಕು. ಕೆಲವರಲ್ಲಿ ಅದು 15 ದಿನವಾದರೆ ಮತ್ತೆ ಕೆಲವರಲ್ಲಿ 142 ದಿನ.

ಇಂತಹ ಔಷಧವನ್ನು ಕೊಡುವುದಾದರೂ ಏಕೆ ಎಂದು ಯಾರಿಗಾದರೂ ಅನಿಸಬಹುದು. 1961ರಲ್ಲಿ ಬೆಲ್ಜಿಯಂನಲ್ಲಿ ಇದನ್ನು ತಯಾರಿಸಿದ್ದು ಎದೆನೋವಿನ, ಅಂದರೆ ಆಂಜೈನಾದ ಔಷಧವಾಗಿ. ಬಡಿತದ ಲಯವನ್ನು ಸರಿಪಡಿಸುವ ಶಕ್ತಿ ಇದಕ್ಕಿದೆಯೆಂದು ಗೊತ್ತಾದದ್ದು ಆಮೇಲೆ. ಹೃದಯದ ಜೀವಕೋಶಗಳಲ್ಲಿ ವಿದ್ಯುತ್ ಸಂಕೇತ ಹರಿಯುವುದು ಪೊಟ್ಯಾಸಿಯಂ, ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಹೊರಗೆ ಸಾಗುವ ನಾಳಗಳ ಮೂಲಕ. ಲಯದ ಇತರ ಔಷಧಗಳು ಬಹುಮಟ್ಟಿಗೆ ಯಾವುದಾದರೊಂದು ನಾಳವನ್ನು ಗುರಿಯಾಗಿಸಿದರೆ, ಅಮಿಯೋಡರೋನ್ ಮೂರನ್ನೂ ತಡೆಯುತ್ತದೆ. ಜೊತೆಗೆ ಅಡ್ರಿನಲಿನ್ ಪ್ರಭಾವವನ್ನೂ ತಗ್ಗಿಸುತ್ತದೆ. ಹೃತ್ಕುಕ್ಷಿಗಳಿಂದ ಹೊರಡುವ ಪ್ರಾಣಾಂತಕ ವೇಗದ ಬಡಿತಕ್ಕೆ, ಹೃತ್ಕರ್ಣಗಳು ಅಡ್ಡಾದಿಡ್ಡಿಯಾಗಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್‌ಗೆ, ಎದೆಯಲ್ಲಿ ಅಳವಡಿಸಿದ ಡಿಫಿಬ್ರಿಲೇಟರ್ ಪದೇಪದೇ ಶಾಕ್ ಕೊಡುತ್ತಿರುವವರಿಗೆ ಇದನ್ನು ಬಳಸುತ್ತಾರೆ. ಹೃದಯ ಸ್ತಂಭಿಸಿ, ಮೂರು ಬಾರಿ ಶಾಕ್ ಕೊಟ್ಟರೂ ಲಯ ಮರಳದಿದ್ದಾಗ ರಕ್ತನಾಳಕ್ಕೆ 300 ಮಿಲಿಗ್ರಾಂ ಕೊಡುವುದು ತುರ್ತು ಚಿಕಿತ್ಸೆಯ ಕ್ರಮ.

ಇದಕ್ಕಿಂತಲೂ ಮುಖ್ಯವಾದದ್ದು ದುರ್ಬಲ ಹೃದಯದವರ ವಿಷಯ. ಹೃದಯಾಘಾತವಾದವರಲ್ಲಿ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಆಯುಸ್ಸು ಹೆಚ್ಚೀತು ಎಂಬ ನಂಬಿಕೆಯನ್ನು ಪರೀಕ್ಷಿಸಿದ ‘ಕಾಸ್ಟ್’ ಅಧ್ಯಯನ, ಫ್ಲೆಕೈನೈಡ್ ಮತ್ತು ಎನ್‌ಕೈನೈಡ್ ಎಂಬ ಲಯದ ಔಷಧಗಳನ್ನು ತೆಗೆದುಕೊಂಡವರಲ್ಲಿ ಸಾವು ಹೆಚ್ಚಿದ್ದನ್ನು 1989ರಲ್ಲಿ ತೋರಿಸಿತು. ಇಸಿಜಿ ಸುಂದರವಾಗಿತ್ತು, ರೋಗಿ ಉಳಿಯಲಿಲ್ಲ. ಲಯದ ಔಷಧವೇ ಲಯವನ್ನು ಕೆಡಿಸುವ ಈ ಅಪಾಯ ಅಮಿಯೋಡರೋನ್‌ನಲ್ಲಿ ಇಲ್ಲವೇ ಇಲ್ಲ ಎನ್ನಲಾಗದು, ಆದರೆ ಸಾಕಷ್ಟು ಕಡಿಮೆ. ಹೃದಯ ವೈಫಲ್ಯ ಇರುವವರಿಗೆ ಕೊಡಬಹುದಾದ ಲಯದ ಔಷಧಗಳು ಬೆರಳೆಣಿಕೆಯಷ್ಟೇ ಇರುವುದರಿಂದ ವೈದ್ಯರು ಇದರತ್ತ ಬರುತ್ತಾರೆ. ಹೃದಯದ ಮಟ್ಟಿಗೆ ಹೆಚ್ಚು ಸುರಕ್ಷಿತ, ಉಳಿದ ಅಂಗಗಳ ಮಟ್ಟಿಗೆ ಕಡಿಮೆ ಸುರಕ್ಷಿತ: ನಿಮ್ಮ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರಿಸುವುದಾದರೆ ಹೀಗೆ ಹೇಳಬೇಕು.

ಥೈರಾಯ್ಡ್ ಎರಡೂ ದಿಕ್ಕಿಗೆ ವಾಲಬಹುದು. ಕೆಲಸ ತಗ್ಗಿದರೆ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ತೂಕ ಏರುವುದು ಕಾಣುತ್ತವೆ. ಥೈರಾಕ್ಸಿನ್ ಮಾತ್ರೆ ಕೊಟ್ಟು ಅಮಿಯೋಡರೋನ್ ಮುಂದುವರಿಸುವುದು ಹೆಚ್ಚಿನವರಲ್ಲಿ ಸಾಧ್ಯ. ಕೆಲಸ ವಿಪರೀತವಾದರೆ ಮಾತ್ರ ಸಂಗತಿ ಗಂಭೀರ. ಈ ಔಷಧವೇ ಬಡಿತವನ್ನು ನಿಧಾನಗೊಳಿಸುವುದರಿಂದ ಎದೆ ಹೊಡೆದುಕೊಳ್ಳುವಂತಹ ಎಂದಿನ ಲಕ್ಷಣಗಳು ಮರೆಯಾಗಿರಬಹುದು. ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ಹತೋಟಿಯಲ್ಲಿದ್ದ ಲಯ ಮತ್ತೆ ತಪ್ಪುವುದೇ ಮೊದಲ ಸುಳಿವಾಗಿರಬಹುದು. ಇನ್ನೊಂದು ಮಾತು: ಮೊದಲ ಮೂರು ತಿಂಗಳಲ್ಲಿ, ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಸ್ವಲ್ಪ ಏರುವುದು ಸಾಮಾನ್ಯ, ಅದಷ್ಟನ್ನೇ ನೋಡಿ ರೋಗವೆಂದು ಗಾಬರಿಪಡಬೇಕಾಗಿಲ್ಲ.

ನನ್ನ ಎಣಿಕೆಯಲ್ಲಿ ಮನೆಯವರು ಎಲ್ಲಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು ಶ್ವಾಸಕೋಶವನ್ನು. ಅಪರೂಪವಾದರೂ ಶ್ವಾಸಕೋಶಕ್ಕೆ ಈ ಔಷಧದಿಂದಾಗುವ ಹಾನಿ ಪ್ರಾಣಕ್ಕೇ ಎರವಾಗಬಲ್ಲ ತೊಡಕು. ಒಣಕೆಮ್ಮು, ದಿನದಿಂದ ದಿನಕ್ಕೆ ಹೆಚ್ಚುವ ಏದುಸಿರು, ಸಣ್ಣ ಜ್ವರ ಇದರ ಲಕ್ಷಣಗಳು. ಹೃದಯರೋಗಿಗೆ ಏದುಸಿರು ಬಂದಾಗ ‘ಹೃದಯದ್ದೇ ಇರಬೇಕು’ ಎಂದುಕೊಳ್ಳುವುದು ಸಹಜ. ಆ ಸಹಜತೆಯಿಂದಲೇ ಗುರುತಿಸುವುದು ತಡವಾಗುತ್ತದೆ. ಆರಂಭದಲ್ಲೇ ಒಂದು ಎದೆಯ ಎಕ್ಸ್‌ರೇ ತೆಗೆಸಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ.

ಲಿವರ್‌ನ ಕಿಣ್ವಗಳು ಏರಿರುವುದು ರಕ್ತಪರೀಕ್ಷೆಯಲ್ಲಿ ಮಾತ್ರ ತಿಳಿಯುವುದುಂಟು. ಕಾರ್ನಿಯಾದ ಮೇಲೆ ಸೂಕ್ಷ್ಮ ಕಣಗಳು ಕೂರುವುದು ಬಹುತೇಕ ಎಲ್ಲರಲ್ಲೂ ಕಾಣುತ್ತದೆ, ಸಾಮಾನ್ಯವಾಗಿ ದೃಷ್ಟಿಗೆ ತೊಂದರೆಯಿಲ್ಲ. ಆದರೆ ನೋಟ ಹಠಾತ್ತನೆ ಮಸುಕಾದರೆ ಕಣ್ಣಿನ ನರವನ್ನು ಕೂಡಲೇ ಪರೀಕ್ಷಿಸಬೇಕು. ಬಿಸಿಲಿಗೆ ಚರ್ಮ ಬೇಗ ಕೆಂಪಾಗುವುದರಿಂದ ಮೈ ಮುಚ್ಚುವ ಬಟ್ಟೆ ಬೇಕು.

ಬೇರೆ ಔಷಧಗಳೊಡನೆ ಇದರ ಒಡನಾಟ ಮತ್ತೊಂದು ದೊಡ್ಡ ವಿಷಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಪ್ರಭಾವವನ್ನು ಇದು ಹೆಚ್ಚಿಸುತ್ತದೆ. ಅದರ ಪ್ರಮಾಣವನ್ನು ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತಗ್ಗಿಸಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಸೂಚಿಸುವ ಐಎನ್‌ಆರ್ ಅನ್ನು ಮೇಲಿಂದ ಮೇಲೆ ನೋಡಬೇಕಾಗುತ್ತದೆ. ಹೃದಯದ ಮತ್ತೊಂದು ಔಷಧವಾದ ಡಿಗಾಕ್ಸಿನ್ ಪ್ರಮಾಣವನ್ನು ಸಾಮಾನ್ಯವಾಗಿ ಅರ್ಧಕ್ಕಿಳಿಸುತ್ತಾರೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್ ದಿನಕ್ಕೆ 20 ಮಿಲಿಗ್ರಾಂ ಮೀರಬಾರದು, ಮೀರಿದರೆ ಸ್ನಾಯುಗಳಿಗೆ ಹಾನಿ. ಕೆಲವು ಆ್ಯಂಟಿಬಯಾಟಿಕ್‌ಗಳು ಜೊತೆಗೂಡಿದರೆ ಲಯವೇ ಕೆಡಬಹುದು. ದ್ರಾಕ್ಷಿಹಣ್ಣಲ್ಲದ, ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ರಸವೂ ವರ್ಜ್ಯ. ಭ್ರೂಣದ ಥೈರಾಯ್ಡ್‌ಗೆ ಹಾನಿಯಾಗುವ ಸಾಧ್ಯತೆಯಿರುವುದರಿಂದ ಗರ್ಭಿಣಿಯರಿಗೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಕೊಡುತ್ತಾರೆ.

ಈ ಪಟ್ಟಿಯನ್ನು ಓದಿ ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ದುಪ್ಪಟ್ಟು ನಷ್ಟ. ಔಷಧ ಅಂಗಾಂಶಗಳಲ್ಲಿ ಉಳಿದೇ ಇರುವುದರಿಂದ ಅಡ್ಡಪರಿಣಾಮ ತಕ್ಷಣ ಹೋಗುವುದಿಲ್ಲ. ಕೆಲವು ವಾರ ಬಡಿತವೂ ಸರಿಯಾಗಿಯೇ ಇದ್ದು, ‘ಮಾತ್ರೆ ಬೇಕಿರಲಿಲ್ಲ’ ಎಂಬ ಭ್ರಮೆ ಮೂಡಿದ ಹೊತ್ತಿಗೆ ಹಳೆಯ ಲಯದೋಷ ಮರುಕಳಿಸಬಹುದು. ನಿಲ್ಲಿಸುವ ಅಥವಾ ಪ್ರಮಾಣ ತಗ್ಗಿಸುವ ತೀರ್ಮಾನ ವೈದ್ಯರದ್ದೇ ಆಗಿರಲಿ. ವೈದ್ಯರೇ ನಿಲ್ಲಿಸಿದರೂ, ಮುಂದಿನ ಹಲವು ತಿಂಗಳು ಬೇರೆ ಯಾವ ವೈದ್ಯರನ್ನು ಕಂಡರೂ ತಂದೆಯವರು ಅಮಿಯೋಡರೋನ್ ತೆಗೆದುಕೊಳ್ಳುತ್ತಿದ್ದರೆಂದು ತಿಳಿಸಿ. ಥೈರಾಯ್ಡ್ ಪರೀಕ್ಷೆಯನ್ನೂ ಸುಮಾರು ಒಂದು ವರ್ಷದವರೆಗೆ ಮುಂದುವರಿಸಬೇಕಾಗುತ್ತದೆ.